ಶಾಫ್ಟ್ ಉಳಿಯಬೇಕು, ಬೇರಿಂಗ್ ಹೋದರೆ ಹೋಗಲಿ

ಯೆಜ್ಡಿ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇವತ್ತು ನಮ್ಮ ರಸ್ತೆಗಳಲ್ಲಿ ಡಬಲ್ ಸೈಲೆನ್ಸರ್ ಸದ್ದು ಮಾಡುತ್ತಾ ಓಡುವ ಯಾವ ಹಳೆಯ ಯೆಜ್ಡಿಯ ಮೂಲ ಗೇರ್ ಶಾಫ್ಟೂ (ಗೇರುಗಳನ್ನು ಹೊತ್ತು ತಿರುಗುವ ಉಕ್ಕಿನ ದಂಡ) ಆ ವರ್ಷಕ್ಕಿಂತ ಈಚಿನದಲ್ಲ. ನಕಲು ಭಾಗಗಳು ಸಿಗುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಅವುಗಳ ಉಕ್ಕಿಗೆ ಎಂಥ ಹದ ಕೊಟ್ಟಿದ್ದಾರೆ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಹಲ್ಲು ಸವೆದಾಗಲೇ ಗೊತ್ತಾಗುವುದು. ಅದೇ ಶಾಫ್ಟಿನ ಮೇಲೆ ಕೂತು ಅದು ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗಿನ (ಒಂದರೊಳಗೊಂದು ಎರಡು ಉಕ್ಕಿನ ರಿಂಗ್, ನಡುವೆ ಗುಂಡುಗಳು) ಕಥೆ ಬೇರೆ. ಅದರ ಮೈಮೇಲಿನ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು ಯಾವುದೇ ಜಿಲ್ಲಾ ಕೇಂದ್ರದ ಬೇರಿಂಗ್ ಅಂಗಡಿಗೆ ಹೋದರೂ ಕೆಲವು ನೂರು ರೂಪಾಯಿಗೆ ಹೊಸದು ಸಿಗುತ್ತದೆ.

ಹೀಗೆ ಒಂದು ಮತ್ತೆ ಸಿಗದ ವಸ್ತು, ಇನ್ನೊಂದು ಎಲ್ಲೆಂದರಲ್ಲಿ ಸಿಗುವ ವಸ್ತು. ಎರಡೂ ಒಂದನ್ನೊಂದು ಬಿಡದೆ ಕಚ್ಚಿಕೊಂಡು ಕೂತಾಗ ಏನು ಮಾಡಬೇಕು ಎಂಬುದೇ ಈ ಬರಹ. ಉತ್ತರ ಸುಲಭವೆಂದು ಕಾಣುತ್ತದೆ. ಆದರೆ ಸುತ್ತಿಗೆ ಕೈಯಲ್ಲಿದ್ದಾಗ, ಹೊರಗೆ ಮಳೆ ಸುರಿಯುತ್ತಿದ್ದಾಗ, ಕೆಲಸ ಮುಗಿಸಿ ಎದ್ದರೆ ಸಾಕು ಅನ್ನಿಸಿದಾಗ ಆ ಸುಲಭದ ಉತ್ತರ ಮರೆತುಹೋಗುತ್ತದೆ. ಎಷ್ಟೋ ಒಳ್ಳೆಯ ಶಾಫ್ಟುಗಳು ಗುಜರಿ ಸೇರಿದ್ದು ಹಾಗೆಯೇ.

ಬೈಕು ನನ್ನ ಸೋದರಮಾವನದು. ಎಪ್ಪತ್ತರ ದಶಕದ ಯೆಜ್ಡಿ 250. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಬೈಕು ನಿಂತಿದ್ದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ. ಮೇಲಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ಆದರೆ ಆ ಸೀಮೆಯ ಮಳೆಗಾಲವನ್ನು ಕಂಡವರಿಗೆ ಗೊತ್ತು, ಅಲ್ಲಿ ನೀರು ಮೇಲಿಂದಲೇ ಬರಬೇಕೆಂದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಸ್ಟು ಹಿಡಿಯುವ ಊರಿನಲ್ಲಿ ಕಬ್ಬಿಣ ಸುಮ್ಮನಿರುತ್ತದೆಯೇ? ಹಲವು ಮಳೆಗಾಲ ಹಾಗೇ ನಿಂತ ಬೈಕನ್ನು ನ್ಯೂಟ್ರಲ್‌ನಲ್ಲಿ ತಳ್ಳಿದರೆ ಹಿಂದಿನ ಚಕ್ರ ಕರಕರ ಎನ್ನುತ್ತಾ ತಿರುಗುತ್ತಿತ್ತು, ಮತ್ತೆ ಒಂದು ಕಡೆ ಬಂದು ನಿಲ್ಲುತ್ತಿತ್ತು. ಚೈನ್ ಬಿಚ್ಚಿದಾಗ ಚಕ್ರ ಸಲೀಸಾಗಿ ಸುತ್ತಿತು. ತೊಂದರೆ ಗೇರ್‌ಬಾಕ್ಸಿನೊಳಗೆ.

ಯೆಜ್ಡಿಯಲ್ಲಿ ಗೇರ್‌ಬಾಕ್ಸ್ ಅನ್ನು ಬೇರೆಯಾಗಿ ಇಳಿಸಲು ಬರುವುದಿಲ್ಲ. ಹಳೆಯ ಬುಲೆಟ್‌ನ ಆಲ್ಬಿಯಾನ್ ಗೇರ್‌ಬಾಕ್ಸ್ ಎಂಜಿನ್ನಿನ ಹಿಂದೆ ತನ್ನದೇ ಡಬ್ಬಿಯಲ್ಲಿರುತ್ತದೆ. ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸ ಹಾಗಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಅಲ್ಯೂಮಿನಿಯಂ ಕೇಸಿನೊಳಗೆ. ಕೇಸ್ ಎಡ ಮತ್ತು ಬಲ ಎಂದು ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಗೇರಿನ ಒಂದು ಬೇರಿಂಗ್ ನೋಡಬೇಕೆಂದರೂ ಹೆಡ್, ಬ್ಲಾಕ್, ಪಿಸ್ಟನ್, ಡೈನಮೊ, ಕ್ಲಚ್ ಎಲ್ಲ ಬಿಚ್ಚಬೇಕು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಕಂಪನಿ ಮರುವರ್ಷ ಮೈಸೂರಿನಲ್ಲಿ ಜಾವಾ ತಯಾರಿಸತೊಡಗಿತು. 1973ರಿಂದ ಅದೇ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಹೆಸರು ಬದಲಾದರೂ ಎಂಜಿನ್ನಿನ ಮೂಲ ಸ್ವಭಾವ ಬದಲಾಗಲಿಲ್ಲ: 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಳತೆ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಇಷ್ಟು ಸರಳವಾದ, ಇಷ್ಟು ಜಾಣತನದ ಲಿವರನ್ನು ನಾನು ಬೇರೆ ಯಾವ ಬೈಕಿನಲ್ಲೂ ಕಂಡಿಲ್ಲ.

ಕೇಸನ್ನು ಬಿಚ್ಚುವುದಕ್ಕೆ ಬಲ ಬೇಕಿಲ್ಲ, ಬಿಸಿ ಬೇಕು. ಅಲ್ಯೂಮಿನಿಯಂ ಪ್ರತಿ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ, ಉಕ್ಕು ಹಿಗ್ಗುವುದು ಸುಮಾರು 12. ಕೇಸಿನಲ್ಲಿ ಬೇರಿಂಗ್ ಕೂರುವ 47 ಮಿ.ಮೀ.ನ ಗುಂಡಿ ಇದೆ ಎಂದುಕೊಳ್ಳಿ. ಇಡೀ ಕೇಸನ್ನು 80 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಗುಂಡಿ 86 ಮೈಕ್ರಾನ್ ಹಿಗ್ಗುತ್ತದೆ. ಒಳಗಿರುವ ಉಕ್ಕಿನ ರಿಂಗೂ ಅಷ್ಟೇ ಬಿಸಿಯಾದರೂ ಹಿಗ್ಗುವುದು 45 ಮಾತ್ರ. ನಡುವೆ 41 ಮೈಕ್ರಾನ್ ಬಿಡುವು ತಾನಾಗಿ ಹುಟ್ಟಿತು. ಹಾಟ್ ಏರ್ ಗನ್ನಿನಲ್ಲಿ ಗುಂಡಿಯ ಸುತ್ತ ಸಾವಕಾಶವಾಗಿ ಬಿಸಿ ಕೊಟ್ಟು, ಒಂದು ಹನಿ ನೀರು ಹಾಕಿದರೆ ಚುಂಯ್ ಎಂದು ಆರುವಷ್ಟಾದಾಗ ಕೇಸನ್ನು ಮರದ ಹಲಗೆಯ ಮೇಲೆ ಮೆಲ್ಲಗೆ ತಟ್ಟಿದರೆ ಸಾಕು. ತುಕ್ಕು ಹಿಡಿದ ಬೇರಿಂಗ್ ಕೂಡ ಗುಂಡಿಯಿಂದ ಕಳಚಿ ಬರುತ್ತದೆ. ನಮ್ಮದೂ ಹಾಗೇ ಬಂತು, ಶಾಫ್ಟಿನ ಸಮೇತ.

ಇನ್ನು ಮುಂದಿನದು ಕಷ್ಟದ ಭಾಗ. ಶಾಫ್ಟೂ ಉಕ್ಕು, ಬೇರಿಂಗೂ ಉಕ್ಕು. ಬಿಸಿ ಮಾಡಿದರೆ ಎರಡೂ ಸರಿಸಮ ಹಿಗ್ಗುತ್ತವೆ.

ಬೆಂಚಿನ ಮೇಲೆ ಮಲಗಿದ ಶಾಫ್ಟಿನ ಒಂದು ತುದಿಗೆ ಬೇರಿಂಗ್ ಕೂತಿತ್ತು. ಅದರ ಹೊರ ರಿಂಗ್ ಅಲ್ಲಾಡುತ್ತಿರಲಿಲ್ಲ. ಗುಂಡುಗಳ ನಡುವಿನ ತಗಡಿನ ಕೇಜ್ ಅರ್ಧ ಪುಡಿಯಾಗಿ, ಕೆಂಪು ತುಕ್ಕಿನ ಜೊತೆ ಹಳೆಯ ಎಣ್ಣೆ ಸೇರಿ ರಾಡಿಯಾಗಿತ್ತು. ಹಿಂದುಗಡೆ, ಉಗುರು ತೂರಿಸಲೂ ಆಗದಷ್ಟು ಹತ್ತಿರದಲ್ಲಿ, ಗೇರ್. ಆ ಗೇರಿನ ಹಲ್ಲುಗಳು ಮಾತ್ರ ಹೊಸದರ ಹಾಗೆ ಇದ್ದವು. ಅರ್ಧ ಶತಮಾನದ ಹಿಂದೆ ಮೈಸೂರಿನಲ್ಲಿ ಯಾರೋ ಕೆಲಸಗಾರರು ಶ್ರದ್ಧೆಯಿಂದ ಮಾಡಿಟ್ಟ ಕೆಲಸ. ಹಲ್ಲಿನ ಮೇಲೆ ಬೆರಳಾಡಿಸಿದಾಗ, ಇದಕ್ಕೆ ಒಂದು ಗೀರೂ ಆಗಬಾರದು ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಒಳ ರಿಂಗ್ ಶಾಫ್ಟಿಗೆ ಅಷ್ಟು ಬಿಗಿಯಾಗಿ ಯಾಕೆ ಇರಬೇಕು ಎಂದು ಮಾವ ಕೇಳಿದರು. "ಸ್ವಲ್ಪ ಸಡಿಲ ಇಟ್ಟಿದ್ರೆ ಇಷ್ಟು ಗೋಳೇ ಇರ್ತಿರಲಿಲ್ಲವಲ್ಲೋ?" ಒಳ್ಳೆಯ ಪ್ರಶ್ನೆ. ಶಾಫ್ಟ್ ತಿರುಗುತ್ತದೆ, ಭಾರ ಮಾತ್ರ ಒಂದೇ ದಿಕ್ಕಿನಿಂದ ಬೀಳುತ್ತಿರುತ್ತದೆ. ಆದ್ದರಿಂದ ಒಳ ರಿಂಗಿನ ಪ್ರತಿಯೊಂದು ಭಾಗವೂ ಸರದಿಯಂತೆ ಆ ಭಾರದ ಕೆಳಗೆ ಬಂದುಹೋಗುತ್ತದೆ. ಶಾಫ್ಟ್ 20 ಮಿ.ಮೀ., ರಿಂಗಿನ ತೂತು ಅದಕ್ಕಿಂತ ಕೇವಲ 10 ಮೈಕ್ರಾನ್ ದೊಡ್ಡದು ಎಂದಿಟ್ಟುಕೊಳ್ಳಿ. ಎರಡರ ಸುತ್ತಳತೆಯ ವ್ಯತ್ಯಾಸ 31 ಮೈಕ್ರಾನ್. ಶಾಫ್ಟ್ ಒಂದು ಸುತ್ತು ಹಾಕಿದಾಗಲೆಲ್ಲ ರಿಂಗ್ ಅಷ್ಟು ಹಿಂದೆ ಬೀಳುತ್ತದೆ. ನಿಮಿಷಕ್ಕೆ 3000 ಸುತ್ತಾದರೆ 94 ಮಿ.ಮೀ. ಆಯಿತು, ಅಂದರೆ ರಿಂಗ್ ಶಾಫ್ಟಿನ ಮೇಲೆ ನಿಮಿಷಕ್ಕೆ ಒಂದೂವರೆ ಸುತ್ತು ಜಾರಿತು. ಒಂದು ಗಂಟೆಯ ಪ್ರಯಾಣಕ್ಕೆ ಎಷ್ಟಾಯಿತು ನೋಡಿ. ಗ್ಯಾರೇಜಿನಲ್ಲಿ "ಬೇರಿಂಗ್ ಶಾಫ್ಟನ್ನ ತಿಂದುಹಾಕಿದೆ" ಅನ್ನುವುದು ಇದಕ್ಕೇ. ತಿರುಗುವ ರಿಂಗ್ ಬಿಗಿಯಾಗಿರಬೇಕು ಎಂಬ ನಿಯಮ ಅದಕ್ಕಾಗಿ ಹುಟ್ಟಿದ್ದು.

ಬಿಗಿ ಎಂದರೆ ಎಷ್ಟು? ನೀರೆತ್ತುವ ಮೋಟಾರಿನಲ್ಲೂ ಬೈಕಿನಲ್ಲೂ ಬಳಕೆಯಾಗುವ 6204 ಬೇರಿಂಗನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ: 04 ಅಂದರೆ 20 ಮಿ.ಮೀ., 05 ಅಂದರೆ 25. (ಇದು 04ರಿಂದ ಮೇಲಕ್ಕೆ, 03 ಅಂದರೆ 17, 02 ಅಂದರೆ 15 ಮಿ.ಮೀ.) 6204ರ ಹೊರ ಅಳತೆ 47, ದಪ್ಪ 14 ಮಿ.ಮೀ. ತಯಾರಕರು ತೂತನ್ನು 20 ಮಿ.ಮೀ.ಗಿಂತ 10 ಮೈಕ್ರಾನಿನಷ್ಟು ಚಿಕ್ಕದಾಗಿ ಬಿಡಬಹುದು, ದೊಡ್ಡದಾಗಿ ಬಿಡುವಂತಿಲ್ಲ. ಶಾಫ್ಟನ್ನು ಸಾಮಾನ್ಯವಾಗಿ 2ರಿಂದ 11 ಮೈಕ್ರಾನ್ ದೊಡ್ಡದಾಗಿ ಗ್ರೈಂಡ್ ಮಾಡುತ್ತಾರೆ. ಒಟ್ಟು ಬಿಗಿ 2ರಿಂದ 21 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದ ಕಾಲುಭಾಗ ಇದ್ದೀತು. ಅಷ್ಟು ಸಣ್ಣ ವ್ಯತ್ಯಾಸ ಹೊಸ ಬೈಕಿನಲ್ಲಿ ಒಂದು ಪುಲ್ಲರಿಗೆ (ಬೇರಿಂಗನ್ನು ಎಳೆದು ತೆಗೆಯುವ ಉಪಕರಣ) ಸುಲಭವಾಗಿ ಮಣಿಯುತ್ತದೆ. ಆದರೆ ತುಕ್ಕು ಸೇರಿಕೊಂಡ ಮೇಲೆ ಲೆಕ್ಕವೇ ಬೇರೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದರ ಎರಡು ಪಟ್ಟಿಗಿಂತಲೂ ಹೆಚ್ಚು ಜಾಗ ಬೇಡುತ್ತದೆ. ರಿಂಗಿಗೂ ಶಾಫ್ಟಿಗೂ ನಡುವೆ ಜಾಗವೇ ಇಲ್ಲದ ಕಡೆ ಅದು ಹುಟ್ಟಿದರೆ ಎರಡನ್ನೂ ಬೆಸೆದುಬಿಡುತ್ತದೆ.

ಡೀಸೆಲ್ಲಿನಲ್ಲಿ ನೆನೆಹಾಕುವುದರಿಂದ ಶುರು ಮಾಡಿದೆವು. ಇದು ಎಲ್ಲರೂ ಹೇಳುವ ಉಪಾಯ, ಹೇಳುವುದರಲ್ಲಿ ಸತ್ಯವೂ ಇದೆ. ಆದರೆ ತುಕ್ಕು ಗಟ್ಟಿಯಾಗಿ ಕೂತಲ್ಲಿಗೆ ಡೀಸೆಲ್ ಇಳಿಯುವುದು ನಿಧಾನ. ಹೊರ ಅಂಚನ್ನು ಸಡಿಲಿಸುತ್ತದೆ, ಒಳಕ್ಕೆ ಹೋಗುವುದು ಕಡಿಮೆ. ಕೊಳೆ ತೊಳೆದುಹೋಗಿ, ರಿಂಗ್ ಎಲ್ಲಿ ಮುಗಿಯುತ್ತದೆ, ಶಾಫ್ಟಿನ ಭುಜ (ಬೇರಿಂಗ್ ತಾಗಿ ನಿಲ್ಲುವ ಮೆಟ್ಟಿಲು) ಎಲ್ಲಿ ಶುರುವಾಗುತ್ತದೆ ಎಂದು ಸ್ಪಷ್ಟವಾಗಿ ಕಂಡಿತು. ಅದೂ ದೊಡ್ಡ ಉಪಕಾರವೇ. ಶಾಫ್ಟಿನ ತುದಿಯಲ್ಲಿ ತುಕ್ಕಿನ ಕೆಳಗೆ ಸರ್ಕ್ಲಿಪ್ (ಶಾಫ್ಟಿನ ಗೀರಿನಲ್ಲಿ ಕೂತು ಬೇರಿಂಗ್ ಜಾರದಂತೆ ತಡೆಯುವ ಉಕ್ಕಿನ ಬಳೆ) ಅಡಗಿದೆಯೇ ಎಂದು ನೋಡಿಕೊಳ್ಳಬೇಕಾದ್ದೂ ಈಗಲೇ. ಸರ್ಕ್ಲಿಪ್ ಕಾಣದೆ ಪುಲ್ಲರ್ ಹಾಕಿದರೆ ಅದು ಕೂತ ಗೀರಿನ ಅಂಚೇ ಕಿತ್ತುಬರುತ್ತದೆ.

ಪುಲ್ಲರ್ ಬಗ್ಗೆ ನನಗೆ ಹೇಳಬೇಕಾದ್ದು ಬಹಳ ಇದೆ. ಎರಡು ಕಾಲಿನದೋ ಮೂರು ಕಾಲಿನದೋ, ನಡುವಿನ ಸ್ಕ್ರೂ ಶಾಫ್ಟನ್ನು ತಳ್ಳುತ್ತದೆ, ಕಾಲುಗಳು ಬೇರಿಂಗನ್ನು ಎಳೆಯುತ್ತವೆ. ಕಾಲು ಎಲ್ಲಿ ಹಿಡಿದಿದೆ ಎಂಬುದರಲ್ಲೇ ಎಲ್ಲವೂ ಇದೆ. ಬಿಗಿಯಾಗಿರುವುದು ಒಳ ರಿಂಗ್. ಬಲ ಅದರ ಮೇಲೆ ಬೀಳಬೇಕು. ಕಾಲನ್ನು ಹೊರ ರಿಂಗಿಗೆ ಸಿಕ್ಕಿಸಿ ಎಳೆದರೆ ಆ ಬಲವೆಲ್ಲ ಗುಂಡುಗಳ ಮೂಲಕವೇ ಒಳ ರಿಂಗಿಗೆ ತಲುಪಬೇಕಾಗುತ್ತದೆ. ಗುಂಡು ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಅಲ್ಲಿ ರಿಂಗಿನ ತೋಡಿಗೆ ಕುಳಿ ಬೀಳುತ್ತದೆ. ಹಾಗೆ ಎಳೆದು ತೆಗೆದ ಬೇರಿಂಗ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹಾಕುವಂತಿಲ್ಲ, ಹಾಕಿದರೆ ಮೊರೆಯುತ್ತದೆ. ನಮ್ಮ ಬೇರಿಂಗ್ ಹೇಗೂ ಹೋದದ್ದೇ. ಆದರೂ ಹೊರ ರಿಂಗನ್ನು ಎಳೆಯುವುದರಲ್ಲಿ ಇನ್ನೊಂದು ಅಪಾಯವಿತ್ತು: ತುಕ್ಕು ಹಿಡಿದ ಗಟ್ಟಿ ಉಕ್ಕು ಭಾರ ತಡೆಯದೆ ಸಿಡಿಯಬಹುದು. ಮುಖಕ್ಕೆ ಬರುವುದು ಚೂರುಚೂರು ಉಕ್ಕು.

ಒಳ ರಿಂಗಿನ ಹಿಂದೆ ನುಗ್ಗಲು ಚೂಪು ಅಂಚಿನ ಎರಡು ಹೋಳಿನ ಬೇರಿಂಗ್ ಸೆಪರೇಟರ್ ಇರುತ್ತದೆ. ಎರಡು ಬೋಲ್ಟ್ ಬಿಗಿಯುತ್ತಾ ಹೋದರೆ ಅದರ ಅಂಚು ರಿಂಗಿನ ಹಿಂಬದಿಗೆ ಆಪಿನಂತೆ ತೂರುತ್ತದೆ. ಜಾಗ ಇದ್ದರೆ ಇದರಷ್ಟು ಸಭ್ಯವಾದ ಉಪಕರಣ ಬೇರೆ ಇಲ್ಲ. ನಮ್ಮಲ್ಲಿ ಜಾಗ ಇರಲಿಲ್ಲ. ಅಂಚು ರಿಂಗಿನ ಚಾಂಫರಿನ (ಓರೆಯಾಗಿ ಸವರಿದ ಮೂಲೆ) ಮೇಲೆ ಕೂತು ಜಾರುತ್ತಿತ್ತು.

ಆಗ ಬಂದ ಸಲಹೆ, ಹಿಂದಿನ ಗೇರಿಗೇ ಆಧಾರ ಕೊಟ್ಟು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಶಾಫ್ಟನ್ನು ಒತ್ತಿಬಿಡಿ, ಗೇರೂ ಬೇರಿಂಗೂ ಒಟ್ಟಿಗೇ ಬರುತ್ತವೆ ಎಂಬುದು. ಕೆಲವು ಗೇರ್‌ಬಾಕ್ಸುಗಳಲ್ಲಿ ಅದೇ ಸರಿಯಾದ ಕ್ರಮ. ಕಂಪನಿಯ ಮ್ಯಾನ್ಯುಯಲ್ಲೇ ಹಾಗೆ ಹೇಳುವುದುಂಟು. ಆದರೆ ಆ ಗೇರ್ ಶಾಫ್ಟಿನ ಮೇಲೆ ಜಾರುವಂಥದ್ದೇ, ಅದರ ಹಿಂದೆ ವಾಷರ್ ಇದೆಯೇ, ಸರ್ಕ್ಲಿಪ್ ಇದೆಯೇ ಎಂಬುದು ಗೊತ್ತಿಲ್ಲದೆ ಟನ್‌ಗಟ್ಟಲೆ ಒತ್ತಡ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಗೇರಿನ ಹಲ್ಲು ಹೊರಮೈಯಲ್ಲಿ ಮಾತ್ರ ಬಹಳ ಗಟ್ಟಿ. ಅದು ತಡೆದುಕೊಳ್ಳುವುದು ಹಲ್ಲಿಗೆ ಹಲ್ಲು ಕೊಡುವ ಒತ್ತಡವನ್ನು. ಪಕ್ಕದಿಂದ ಪ್ರೆಸ್ಸಿನ ತಟ್ಟೆ ಕೊಡುವ ಒತ್ತಡಕ್ಕೆ ಅಂಚು ಚಕ್ಕೆ ಏಳುತ್ತದೆ.

ಇನ್ನು ಸುತ್ತಿಗೆ. ನಮ್ಮ ಹಳೆಯ ಮೆಕ್ಯಾನಿಕ್‌ಗಳಲ್ಲಿ ಸುತ್ತಿಗೆಯನ್ನು ಅದ್ಭುತವಾಗಿ ಬಳಸುವವರಿದ್ದಾರೆ. ಹಿತ್ತಾಳೆಯ ಸರಳಿಟ್ಟು, ಒಂದು ಪೆಟ್ಟು ಈ ಕಡೆ, ಒಂದು ಪೆಟ್ಟು ಆ ಕಡೆ, ಸದ್ದು ಕೇಳಿಯೇ ಎಷ್ಟು ಸರಿದಿದೆ ಎಂದು ಹೇಳಬಲ್ಲರು. ಅವರ ಕೈಯ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ನಾನು ವಿರೋಧಿಸುವುದು ಶಾಫ್ಟಿನ ತುದಿಗೆ ನೇರವಾಗಿ ಕಬ್ಬಿಣದ ಸುತ್ತಿಗೆ ಬೀಳುವುದನ್ನು. ತುದಿ ಅಣಬೆಯಂತೆ ಅರಳಿತೆಂದರೆ ಬೇರಿಂಗ್ ಆಚೆ ಬರುವ ದಾರಿಯೇ ಮುಚ್ಚಿತು. ನಟ್ಟಿನ ಥ್ರೆಡ್ ಹೋಯಿತು. ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಹೊಸ ಬೇರಿಂಗ್ ಬಾಳುವುದಿಲ್ಲ. ಮಾವನಿಗೂ ಇದೇ ಆತಂಕ. "ಹೊಡೆದು ಬಿಡಿಸೋದಾದ್ರೆ ಬೇಡ ಕಣೋ, ಹಾಗೇ ಇರಲಿ" ಎಂದರು.

ಬಿಸಿಯ ದಾರಿ ಪೂರ್ತಿ ಮುಚ್ಚಿರಲಿಲ್ಲ. ರಿಂಗ್ ಮಾತ್ರ ಬಿಸಿಯಾಗಿ ಶಾಫ್ಟ್ ತಣ್ಣಗೇ ಇದ್ದರೆ ಕೆಲಸ ಆಗುತ್ತದೆ. 20 ಮಿ.ಮೀ.ನ ರಿಂಗ್ 21 ಮೈಕ್ರಾನ್ ಹಿಗ್ಗಬೇಕೆಂದರೆ ಶಾಫ್ಟಿಗಿಂತ ಸುಮಾರು 88 ಡಿಗ್ರಿ ಹೆಚ್ಚು ಬಿಸಿ ಇರಬೇಕು. ಲೆಕ್ಕ ಚೆನ್ನಾಗಿದೆ. ಆದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿರುವಾಗ ರಿಂಗಿಗೆ ಕೊಟ್ಟ ಬಿಸಿ ಕ್ಷಣಗಳಲ್ಲಿ ಶಾಫ್ಟಿಗೆ ಹರಿದುಹೋಗುತ್ತದೆ. ಶಾಫ್ಟಿಗೆ ಒದ್ದೆ ಬಟ್ಟೆ ಸುತ್ತಿ, ರಿಂಗಿಗೆ ಬೇಗಬೇಗ ಬಿಸಿ ಕೊಟ್ಟು, ಆ ಕ್ಷಣದಲ್ಲೇ ಎಳೆಯಬೇಕು. ತುಕ್ಕಿಲ್ಲದ ಬೇರಿಂಗಿಗೆ ಇದು ಚೆನ್ನಾಗಿ ನಡೆಯುತ್ತದೆ. ತುಕ್ಕು ತುಂಬಿದಲ್ಲಿ ಆ ಸಣ್ಣ ಬಿಡುವೂ ಸಿಗುವುದಿಲ್ಲ. ಹಾಗೆಂದು ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸುವುದು ಶಾಫ್ಟನ್ನು ಕೊಂದಂತೆ. ಹದ ಕೊಟ್ಟ ಉಕ್ಕಿನ ಮೇಲೆ 220 ಡಿಗ್ರಿಯ ಹತ್ತಿರ ಒಣಹುಲ್ಲಿನ ಬಣ್ಣ ಮೂಡುತ್ತದೆ, 300ರ ಹತ್ತಿರ ನೀಲಿ. ನೀಲಿ ಕಂಡಿತೆಂದರೆ ಆ ಜಾಗದ ಗಟ್ಟಿತನ ಇಳಿಯಿತು ಎಂದೇ ಅರ್ಥ, ಮತ್ತೆ ಉಜ್ಜಿ ಹೊಳಪು ಮಾಡಿದರೂ ಅದು ಹಿಂತಿರುಗುವುದಿಲ್ಲ.

ವೆಲ್ಡಿಂಗ್ ಉಪಾಯವನ್ನೂ ಒಬ್ಬರು ಸೂಚಿಸಿದರು. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅರ್ಧ ಸತ್ಯ ಬಹಳ ಕಡೆ ಓಡಾಡುತ್ತಿದೆ. ಕೇಸಿನ ಗುಂಡಿಯಲ್ಲಿ ಹೊರ ರಿಂಗ್ ಮಾತ್ರ ಉಳಿದುಕೊಂಡಾಗ ಅದರ ಒಳಮೈ ಸುತ್ತ ವೆಲ್ಡಿಂಗ್ ಬಿಟ್ಟರೆ, ತಣ್ಣಗಾಗುವಾಗ ರಿಂಗ್ ಕುಗ್ಗಿ ತಾನಾಗಿ ಬೀಳುತ್ತದೆ. ಅದು ನಿಜ, ಬಹಳ ಒಳ್ಳೆಯ ಉಪಾಯ. ಅದನ್ನೇ ಶಾಫ್ಟಿನ ಮೇಲಿನ ಒಳ ರಿಂಗಿಗೆ ಮಾಡಿದರೆ, ಬಿಸಿ ಇದ್ದಷ್ಟು ಹೊತ್ತು ಹಿಗ್ಗಿ, ತಣ್ಣಗಾಗುತ್ತಾ ಮೊದಲಿಗಿಂತ ಬಿಗಿಯಾಗಿ ಶಾಫ್ಟನ್ನು ಅಪ್ಪಿಕೊಳ್ಳುತ್ತದೆ. ಒಂದೇ ಉಪಾಯ ಒಂದು ಕಡೆ ಬಿಡಿಸುತ್ತದೆ, ಇನ್ನೊಂದು ಕಡೆ ಬಿಗಿಯುತ್ತದೆ.

ಕೊನೆಗೆ ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಒಂದು ಲೇತ್ ಶಾಪಿಗೆ ಹೋದೆ. ಯಜಮಾನರು ವಯಸ್ಸಾದವರು. ಶಾಫ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಗೇರಿನ ಹಲ್ಲುಗಳನ್ನೂ ನೋಡಿದರು.

"ಬೇರಿಂಗ್ ವಾಪಸ್ ಬೇಕಾ ನಿಮಗೆ?"

"ಬೇಡ. ಶಾಫ್ಟ್ ಉಳಿದ್ರೆ ಸಾಕು."

"ಹಂಗಾದ್ರೆ ಎಳೆಯೋದ್ಯಾಕೆ ಮಾರಾಯ್ರೆ? ಕಡಿಯುವ."

ಅವರ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಗೇರುಗಳಿಗೆಲ್ಲ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ತಗಡಿನ ತುಂಡು ಕಟ್ಟಿದರು. ಗ್ರೈಂಡಿಂಗ್ ಕಿಡಿ ಹಲ್ಲಿನ ಮೇಲೆ ಬೀಳಬಾರದು, ಅದರ ಪುಡಿ ಗೇರಿನ ಸಂದಿಗೆ ಹೋಗಬಾರದು. ಶಾಫ್ಟನ್ನು ಅಲ್ಯೂಮಿನಿಯಂ ತುಂಡುಗಳ ನಡುವೆ ವೈಸಿಗೆ ಕಟ್ಟಿದರು. ಇಬ್ಬರೂ ಕನ್ನಡಕ ಹಾಕಿಕೊಂಡೆವು. ನಾನು ಮರೆತಿದ್ದರೂ ಅವರು ಬಿಡುವವರಲ್ಲ. ಆಂಗಲ್ ಗ್ರೈಂಡರಿಗೆ ತೆಳು ಕಟಿಂಗ್ ವೀಲ್ ಹಾಕಿ ಮೊದಲು ಹೊರ ರಿಂಗನ್ನು ಎದುರುಬದುರು ಎರಡು ಕಡೆ ಕೊಯ್ದರು. ಅದು ಎರಡು ಹೋಳಾಗಿ ಬಿತ್ತು. ಕೇಜಿನ ಅವಶೇಷ ಇಕ್ಕಳದಲ್ಲಿ ಎಳೆದಾಗ ಗುಂಡುಗಳು ಒಂದೊಂದಾಗಿ ಉದುರಿದವು. ಅವುಗಳ ಒಂದು ಪಕ್ಕ ಹೊಳೆಯುತ್ತಿತ್ತು, ಇನ್ನೊಂದು ಪಕ್ಕದಲ್ಲಿ ತುಕ್ಕಿನ ಕುಳಿಗಳು.

ಈಗ ಶಾಫ್ಟಿನ ಮೇಲೆ ಒಳ ರಿಂಗ್ ಒಂದೇ. 6204ರಂಥ ಬೇರಿಂಗಿನಲ್ಲಿ ಇದರ ಅಂಚಿನ ದಪ್ಪ ನಾಲ್ಕು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಗುಂಡು ಓಡುವ ತೋಡಿನ ತಳದಲ್ಲಿ ಮೂರಕ್ಕಿಂತಲೂ ಕಡಿಮೆ. ಯಜಮಾನರು ವೀಲನ್ನು ಸ್ವಲ್ಪ ಓರೆಯಾಗಿ ಹಿಡಿದು ಅಂಚಿನಿಂದ ಅಂಚಿಗೆ ಒಂದು ಗೀರು ಕೊಯ್ಯತೊಡಗಿದರು. ಒತ್ತಲಿಲ್ಲ. ನಾಲ್ಕಾರು ಸೆಕೆಂಡು ಕೊಯ್ಯುವುದು, ನಿಲ್ಲಿಸಿ ನೋಡುವುದು, ಬೆರಳಿಟ್ಟು ಬಿಸಿ ನೋಡುವುದು, ಒದ್ದೆ ಬಟ್ಟೆ ಒತ್ತುವುದು. ತೋಡಿನ ತಳ ಬೇಗ ತೆಳುವಾಗುತ್ತದೆ, ಅಂಚುಗಳು ನಿಧಾನ. ಆದ್ದರಿಂದ ಅಂಚುಗಳ ಕಡೆ ಹೆಚ್ಚು ಹೊತ್ತು, ನಡುವೆ ಕಡಿಮೆ. ಅರ್ಧ ಮಿಲಿಮೀಟರಿನಷ್ಟು ಉಳಿದಾಗ ಗ್ರೈಂಡರ್ ಕೆಳಗಿಟ್ಟರು. ಇನ್ನೊಂದು ಸ್ವಲ್ಪ ಹೋಗಬಹುದಿತ್ತಲ್ಲ ಎಂದೆ. "ಆ ಸ್ವಲ್ಪದಲ್ಲೇ ಶಾಫ್ಟಿಗೆ ಗಾಯ ಆಗೂದು" ಎಂದರು. ಬೇರಿಂಗ್ ಕೂರುವ ಜಾಗಕ್ಕೆ ಅಡ್ಡಗೀರು ಬಿದ್ದರೆ ಶಾಫ್ಟ್ ಭಾರ ಹೊತ್ತು ತಿರುಗುವಾಗ ಬಿರುಕು ಹುಟ್ಟುವುದಕ್ಕೆ ಅದೇ ಜಾಗವಾಗುತ್ತದೆ.

ಗೀರಿನಲ್ಲಿ ಉಳಿಯ ಬಾಯಿ ಇಟ್ಟು, ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು. ಟಣ್ ಎಂದು ಸದ್ದಾಯಿತು, ರಿಂಗ್ ಸೀಳಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಶಾಫ್ಟಿನಿಂದ ಜಾರಿಕೊಂಡು ಬಂತು.

ಇದು ಸಾಧ್ಯವಾಗುವುದು ಎರಡು ಉಕ್ಕುಗಳ ಸ್ವಭಾವ ಬೇರೆಯಾಗಿರುವುದರಿಂದ. ಬೇರಿಂಗಿನ ರಿಂಗ್ ಸುಮಾರು ಶೇಕಡಾ 1 ಇಂಗಾಲ, 1.5 ಕ್ರೋಮಿಯಂ ಇರುವ ಉಕ್ಕು. ಹೊರಗಿಂದ ಒಳಗಿನ ತನಕ ಒಂದೇ ಗಟ್ಟಿ. ಅಷ್ಟು ಗಟ್ಟಿಯಾದದ್ದು ಬಾಗುವುದಿಲ್ಲ, ಸೀಳುತ್ತದೆ. ಗೇರ್ ಶಾಫ್ಟಿಗೆ ಹೊರಮೈಯಲ್ಲಿ ಮಾತ್ರ ಒಂದು ಮಿಲಿಮೀಟರಿಗಿಂತ ಕಡಿಮೆ ಆಳದ ಗಟ್ಟಿ ಪದರ, ಒಳಗೆಲ್ಲ ಜಿಗುಟು ಉಕ್ಕು. ಅದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ರಿಂಗ್ ಆ ಪೆಟ್ಟಿಗೆ ಸೋಲುತ್ತದೆ, ಕೆಳಗಿನ ಶಾಫ್ಟಿಗೆ ಏನೂ ಆಗುವುದಿಲ್ಲ. ಬೇರಿಂಗ್ ಅನ್ನು ಬಿಟ್ಟುಕೊಟ್ಟೆವು ಎಂದ ಕೂಡಲೇ ಇಷ್ಟೆಲ್ಲ ಸುಲಭವಾಯಿತು. ಎಳೆದು ತೆಗೆಯುವ ಹಟ ಇರುವ ತನಕ ನಾವು ಕಸಕ್ಕೆ ಹೋಗಬೇಕಾದ ರಿಂಗನ್ನು ಕಾಪಾಡುತ್ತಿದ್ದೆವು, ಶಾಫ್ಟನ್ನು ಪಣಕ್ಕಿಟ್ಟಿದ್ದೆವು.

ಸೀಳಿದ ರಿಂಗಿನ ಒಳಮೈಯಲ್ಲಿ ಕಂದುಗೆಂಪು ಹುಡಿ ಅಂಟಿತ್ತು, ಅರಿಶಿನ ಕುಂಕುಮ ಬೆರೆಸಿದ ಬಣ್ಣ. ಶಾಫ್ಟಿನ ಮೇಲೂ ಅದೇ. ಸಣ್ಣ ನಡುಕದಲ್ಲಿ ಎರಡು ಉಕ್ಕು ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿಕೊಂಡಾಗ ಹುಟ್ಟುವ ಹುಡಿ ಇದು. ಬೈಕು ಓಡುತ್ತಿದ್ದ ಕಾಲದಲ್ಲೇ ಬಿಗಿ ಸ್ವಲ್ಪ ಕಡಿಮೆಯಾಗಿತ್ತೇನೋ. ನಿಂತ ಮೇಲೆ ತೇವ ಆ ಸಂದಿಗೆ ಇಳಿಯಿತು. ನುಣುಪು ಎಮರಿ ಹಾಳೆಗೆ ಎಣ್ಣೆ ಹಚ್ಚಿ ಶಾಫ್ಟಿನ ಸುತ್ತ ಉಜ್ಜಿದೆವು, ಹುಡಿ ಹೋಗುವಷ್ಟು ಮಾತ್ರ. ಆಮೇಲೆ ಯಜಮಾನರು ಮೈಕ್ರೋಮೀಟರ್ ಹಿಡಿದು ಸುತ್ತ ಹಲವು ಕಡೆ ಅಳೆದರು. ತಿರುಗಿಸಿ ಇನ್ನೊಮ್ಮೆ ಅಳೆದರು. "ನಿಮ್ಮ ಪುಣ್ಯ, ತಿಂದಿಲ್ಲ" ಎಂದಾಗ ನನಗೆ ಅಲ್ಲೇ ಮಾವನಿಗೆ ಫೋನ್ ಮಾಡದೆ ಇರಲಾಗಲಿಲ್ಲ.

ಹೊಸ ಬೇರಿಂಗ್ ಕೊಳ್ಳುವಾಗ ನಂಬಿಕೆಯ ಅಂಗಡಿ ಬೇಕು. ಹೆಸರಾಂತ ಬ್ರ್ಯಾಂಡಿನ ಡಬ್ಬಿಯಲ್ಲಿ ನಕಲು ಸರಕು ಬರುವುದು ಈ ವ್ಯಾಪಾರದಲ್ಲಿ ಹಳೆಯ ರೋಗ. ಜೈಪುರದ ಎನ್‌ಬಿಸಿಯಂಥ ನಮ್ಮದೇ ದೇಶದ ಬೇರಿಂಗುಗಳು ಈ ಕೆಲಸಕ್ಕೆ ಚೆನ್ನಾಗಿ ಸಾಕು. ನಂಬರಿನ ಕೊನೆಗೆ ಸಿ3 ಎಂದಿದ್ದರೆ ಗುಂಡು ಮತ್ತು ರಿಂಗುಗಳ ನಡುವೆ ಮಾಮೂಲಿಗಿಂತ ಹೆಚ್ಚು ಬಿಡುವು ಎಂದು ಅರ್ಥ. ಬಿಗಿಯಾಗಿ ಕೂರಿಸಿದಾಗ ಒಳ ರಿಂಗ್ ಸ್ವಲ್ಪ ಹಿಗ್ಗುತ್ತದೆ, ಬಿಸಿಗೆ ಇನ್ನಷ್ಟು. ಆ ಬಿಡುವು ಅಲ್ಲಿ ಖರ್ಚಾಗುತ್ತದೆ. ಹಳೆಯದರ ಮೇಲೆ ಸಿ3 ಇದ್ದರೆ ಹೊಸದೂ ಸಿ3 ಆಗಿರಬೇಕು. ಅಂಗಡಿಯವರು "ಎಲ್ಲ ಒಂದೇ" ಎಂದರೆ ಬೇರೆ ಅಂಗಡಿ ನೋಡುವುದು ವಾಸಿ.

ಕೂರಿಸುವುದಕ್ಕೆ ಹೊಡೆತವೇ ಬೇಕಿಲ್ಲ. ಶಾಫ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಬೇರಿಂಗನ್ನು ಎಣ್ಣೆಯಲ್ಲಿ ಮುಳುಗಿಸಿ, ಪಾತ್ರೆಯ ತಳ ತಾಗದಂತೆ ತಂತಿಯಲ್ಲಿ ತೂಗುಹಾಕಿ, 100 ಡಿಗ್ರಿ ತನಕ ಕಾಯಿಸಿದೆ. 120 ದಾಟಬಾರದು, ಅದರಾಚೆ ಬೇರಿಂಗಿನ ಉಕ್ಕಿನ ಅಳತೆಯೇ ಬದಲಾಗತೊಡಗುತ್ತದೆ. ಮಾವ ಶಾಫ್ಟನ್ನು ನೆಟ್ಟಗೆ ಹಿಡಿದರು, ನಾನು ದಪ್ಪ ಕೈಗವಸಿನಲ್ಲಿ ಬೇರಿಂಗನ್ನು ಎತ್ತಿ ಶಾಫ್ಟಿಗೆ ತೊಡಿಸಿದೆ. ಭುಜದ ತನಕ ಇಳಿದು ಟಕ್ ಎಂದು ಕೂತಿತು. ಬಿಸಿ ಆರುವವರೆಗೆ ಒಳ ರಿಂಗಿನ ಅಳತೆಯ ಒಂದು ಪೈಪ್ ತುಂಡಿನಿಂದ ಒತ್ತಿ ಹಿಡಿದುಕೊಂಡೆ, ತಣ್ಣಗಾಗುವಾಗ ಭುಜದಿಂದ ಸರಿಯದಿರಲಿ ಎಂದು.

ಆ ಶಾಫ್ಟನ್ನು ಮತ್ತೆ ಕೇಸಿಗೆ ಸೇರಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಗೇರ್‌ಬಾಕ್ಸಿನ ಒಳಗೋಡೆಯಲ್ಲಿ ಎಣ್ಣೆ ನಿಂತಿದ್ದ ಮಟ್ಟದ ಗುರುತು ಗೆರೆ ಎಳೆದಂತೆ ಕಾಣುತ್ತಿತ್ತು. ಗೆರೆಯ ಕೆಳಗೆ ಮುಳುಗಿದ್ದ ಗೇರುಗಳೆಲ್ಲ ಹೊಸದರಂತಿವೆ. ತುಕ್ಕು ಇದ್ದದ್ದೆಲ್ಲ ಗೆರೆಯ ಮೇಲೆ. ಬೈಕು ಓಡುವಾಗ ಗೇರುಗಳು ಎಣ್ಣೆಯನ್ನು ಮೇಲಕ್ಕೆ ಎರಚಿ ಬೇರಿಂಗನ್ನು ನೆನೆಸುತ್ತಿರುತ್ತವೆ. ನಿಂತ ಬೈಕಿನಲ್ಲಿ ಎರಚುವವರಿಲ್ಲ. ಮೇಲಿನ ಬೇರಿಂಗಿನಿಂದ ಎಣ್ಣೆ ಇಳಿದುಹೋಗುತ್ತದೆ, ತೇವದ ಗಾಳಿ ಬಂದು ಕೂರುತ್ತದೆ.

ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಳೆಯ ಬೈಕನ್ನು ಮಾಡಿನೊಳಗೆ ಇಟ್ಟಿರುವವರು ಮಳೆ ಶುರುವಾಗುವ ಮೊದಲು ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ, ಪೂರ್ತಿ ಮಟ್ಟಕ್ಕೆ ತುಂಬಿಸಿ. ಆಮೇಲೆ ಆಗಾಗ ಸ್ಟ್ಯಾಂಡ್ ಹಾಕಿ, ಪ್ಲಗ್ ಬಿಚ್ಚಿ, ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಚೆನ್ನಾಗಿ ತಿರುಗಿಸಿ. ಎಂಜಿನ್ ಸ್ಟಾರ್ಟ್ ಮಾಡಲೇಬೇಕೆಂದಿಲ್ಲ. ಎರಡು ನಿಮಿಷ ಚಾಲೂ ಮಾಡಿ ಆರಿಸಿದರೆ ಒಳಗೆ ಇನ್ನಷ್ಟು ತೇವ ಸೇರುತ್ತದೆ. ಗೇರುಗಳು ಒಂದಿಷ್ಟು ಸುತ್ತು ಹೊರಳಿ ಮೇಲಿನ ಬೇರಿಂಗಿಗೆ ಎಣ್ಣೆ ಮುಟ್ಟಿದರೆ ಆಯಿತು. ಮಾವನ ಯೆಜ್ಡಿಯ ಕೇಸ್ ಇನ್ನೂ ಪೂರ್ತಿ ಮುಚ್ಚಿಲ್ಲ. ಗೇರ್‌ಬಾಕ್ಸ್ ಬದಿ ಮುಗಿಯಿತು. ಕ್ರ್ಯಾಂಕಿನ ಬೇರಿಂಗುಗಳನ್ನೂ ಇದೇ ಬಿಚ್ಚಿನಲ್ಲಿ ಬದಲಿಸಿಬಿಡೋಣ ಎಂದು ತೀರ್ಮಾನಿಸಿದ್ದೇವೆ, ಅವು ಬಂದ ಮೇಲೆ ಎರಡು ಹೋಳನ್ನೂ ಒಟ್ಟಿಗೇ ಜೋಡಿಸುವುದು.